ಸ್ಟ್ರ್‌ಎಕ್ಸ್‌ಫ್ರಮ್ ಬಗ್ಗೆ ಕೇಳಿ: ಮೇಷ್ಟ್ರ ಜೊತೆ ಪ್ರಶ್ನೋತ್ತರ

ಹೊಸಬ: ಸಿ ಪ್ರೋಗ್ರಾಮಿನಲ್ಲಿ, ಪದವನ್ನು ವಿಂಗಡಣೆಯ ಕೀಲಿಯಾಗಿ ಬದಲಿಸೋ ಸ್ಟ್ರ್‌ಎಕ್ಸ್‌ಫ್ರಮ್ ಫಂಕ್ಷನ್ ಕರೆದರೂ ಪದ ಇದ್ದ ಹಾಗೇ ವಾಪಸ್ ಬರುತ್ತೆ. ಯಾಕೆ ಸರ್?

ಮೇಷ್ಟ್ರು: ಲೊಕೇಲ್ ಅಂದರೆ ಭಾಷೆ, ಅಕ್ಷರಕ್ರಮದಂಥ ನಿಯಮಗಳ ಕಟ್ಟು. ಅದನ್ನು ಆರಿಸೋ ಸೆಟ್‌ಲೊಕೇಲ್ ನೀವು ಕರೆದಿಲ್ಲ. ಪ್ರೋಗ್ರಾಂ ಶುರುವಾಗೋದೇ ‘ಸಿ’ ಲೊಕೇಲಿನಲ್ಲಿ, ಅಲ್ಲಿ ಅದು ಬರೀ ನಕಲು ಮಾಡುತ್ತೆ.

ಗೂಬೆ: ನಿಘಂಟಿನ ಪದಗಳಿಗೆ ಅದರಿಂದಲೇ ಕೀಲಿ ಮಾಡಿ, ವಿಂಗಡಿಸಿ ಫೈಲಿನಲ್ಲಿ ಇಟ್ಟಿದ್ದೆ. ಮೊನ್ನೆ ಲಿನಕ್ಸ್ ಅಪ್‌ಗ್ರೇಡ್ ಆಯ್ತು. ಈಗ ಕೆಲವು ಪದ ಕಣ್ಣೆದುರಿಗೇ ಇವೆ, ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕೋ ಬೈನರಿ ಸರ್ಚ್ ಇಲ್ಲ ಅನ್ನುತ್ತೆ!

ಮೇಷ್ಟ್ರು: ಇದು ಹೆದರಬೇಕಾದ ಕೇಸು. ಎರಡು ಕೀಲಿಗಳನ್ನು ಬೈಟು ಬೈಟಾಗಿ ಹೋಲಿಸೋ ಸ್ಟ್ರ್‌ಸಿಎಂಪಿಗೆ ಕೊಟ್ಟರೆ, ಮೂಲ ಪದಗಳಿಗೆ ಲೊಕೇಲ್ ಪ್ರಕಾರ ಹೋಲಿಸೋ ಸ್ಟ್ರ್‌ಕೋಲ್ ಕೊಡುವ ತೀರ್ಪೇ ಬರುತ್ತೆ. ಸ್ಟ್ರ್‌ಎಕ್ಸ್‌ಫ್ರಮ್ ಕೊಟ್ಟಿರೋ ಮಾತು ಅಷ್ಟೇ. ಒಳಗಿನ ಬೈಟುಗಳು ಎಂದೆಂದಿಗೂ ಹಾಗೇ ಇರ್ತವೆ ಅಂತ ಯಾರೂ ಹೇಳಿಲ್ಲ. 2018ರಲ್ಲಿ ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿ 2.28 ಬಂದಾಗ ವಿಂಗಡಣೆಯ ಕೋಷ್ಟಕವೇ ಬದಲಾಯ್ತು, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಇಂಡೆಕ್ಸುಗಳನ್ನು ಜನ ಮತ್ತೆ ಕಟ್ಟಬೇಕಾಯ್ತು. ನಿಮ್ಮ ಫೈಲಿನಲ್ಲಿರೋದು ಹಳೆ ಕೀಲಿ, ಹುಡುಕುತ್ತಿರೋದು ಹೊಸ ಕೀಲಿ ಹಿಡಿದು. ಪದ ಸೇರಿಸೋದನ್ನು ಈಗಲೇ ನಿಲ್ಲಿಸಿ, ಇಲ್ಲದಿದ್ದರೆ ಒಂದೇ ಪದ ಎರಡು ಕಡೆ ಕೂತು ಕಲಸುಮೇಲೋಗರ ಆಗುತ್ತೆ. ಮೂಲ ಪದ ಉಳಿಸಿದ್ದೀರಾ? ಕೀಲಿಯಿಂದ ಪದ ವಾಪಸ್ ಬರಲ್ಲ.

ಗೂಬೆ: ಇದೆ ಸರ್, ಪಕ್ಕದ ಕಾಲಂನಲ್ಲಿ.

ಮೇಷ್ಟ್ರು: ಬದುಕಿದಿರಿ. ಕೀಲಿಗಳನ್ನೆಲ್ಲ ಅಳಿಸಿ ಮತ್ತೆ ಮಾಡಿ. ಲೈಬ್ರರಿ ಆವೃತ್ತಿ, ಲೊಕೇಲ್ ಹೆಸರು ಎರಡನ್ನೂ ಫೈಲಿನ ತಲೆಯಲ್ಲಿ ಬರೆದಿಡಿ.

ಸಹಾಯಹಸ್ತ: ಇನ್ನೊಂದು ಗ್ರೂಪಿನಿಂದ ಬಂದದ್ದು: ಕೀಲಿ ಬರೆಸಿಕೊಳ್ಳೋ ಬಫರ್‌ಗೆ ಪದದ ಎರಡರಷ್ಟು ಜಾಗ ಕೊಟ್ಟರೆ ಸಾಕು. ಎಲ್ಲರಿಗೂ ಹಂಚಿ 🙏

ಮೇಷ್ಟ್ರು: ದಯವಿಟ್ಟು ಹಂಚಬೇಡಿ. ಎರಡರ ಲೆಕ್ಕ ಯಾವ ಸ್ಟ್ಯಾಂಡರ್ಡಿನಲ್ಲೂ ಇಲ್ಲ. ಮೊದಲು ಗಾತ್ರ ಸೊನ್ನೆ ಕೊಟ್ಟು ಕರೆಯಿರಿ, ಆಗ ಬಫರ್ ನಲ್, ಅಂದರೆ ಖಾಲಿ, ಆದರೂ ನಡೆಯುತ್ತೆ. ವಾಪಸ್ ಬಂದ ಸಂಖ್ಯೆ ಕೀಲಿಯ ಉದ್ದ, ಅದಕ್ಕೆ ಒಂದು ಕೂಡಿಸಿ ಮಾಲಾಕ್‌ನಿಂದ ಅಷ್ಟು ಜಾಗ ತಗೊಂಡು ಮತ್ತೆ ಕರೆಯಿರಿ. ಎರಡನೇ ಸಲವೂ ಬಂದ ಸಂಖ್ಯೆ ಬಫರ್ ಗಾತ್ರಕ್ಕಿಂತ ಕಡಿಮೆ ಇರಬೇಕು, ಇಲ್ಲವಾದರೆ ಒಳಗಿರೋದು ಕಸ.

ಕಾಗುಣಿತ: ಅದಿರಲಿ, ಬರೀ ಸ್ಟ್ರ್‌ಸಿಎಂಪಿ ಹಾಕಿದರೆ ‘ಬಸದಿ’ಗಿಂತ ‘ಬಳೆ’ ಮುಂಚೆ ಬರುತ್ತೆ. ಳ ವರ್ಣಮಾಲೆಯ ಕೊನೆಯ ಅಕ್ಷರ ಅಲ್ವಾ?

ಬಿಟ್‌ಬೈಟ್: ಯೂನಿಕೋಡ್‌ನಲ್ಲಿ ಲ ಆದಮೇಲೆ ಳ. ಮುಗೀತು.

ಕಾಗುಣಿತ: ಕಂಪ್ಯೂಟರಿಗೋಸ್ಕರ ನಿಘಂಟು ತಿದ್ದಬೇಕಾ?

ಬಿಟ್‌ಬೈಟ್: ತಲೆ ತಿನ್ನಬೇಡಿ ಮಾರಾಯ್ರೆ.

ಕಾಗುಣಿತ: ಇದ್ದರಲ್ವಾ ತಿನ್ನೋದು.

ಥ್ರೆಡ್‌ಗಾರ: ಒಂದೊಂದು ಥ್ರೆಡ್‌ಗೆ ಒಂದೊಂದು ಲೊಕೇಲ್ ಬೇಕಾದರೆ ಏನು ದಾರಿ?

ಮೇಷ್ಟ್ರು: ಕಾಗುಣಿತ, ಬಿಟ್‌ಬೈಟ್, ಇಬ್ಬರೂ ಸಾಕು. ಕೋಡ್‌ಪಾಯಿಂಟ್ ಕ್ರಮ, ಅಂದರೆ ಯೂನಿಕೋಡ್ ಸಂಖ್ಯೆಗಳ ಕ್ರಮ, ಅಕಾರಾದಿ ಅಲ್ಲ. ಅದಕ್ಕೇ ಲೊಕೇಲ್ ಇರೋದು.

ಅತಿಥಿ: ಸ್ಟ್ರ್‌ಕೋಲ್ ಇರುವಾಗ ಈ ಸ್ಟ್ರ್‌ಎಕ್ಸ್‌ಫ್ರಮ್ ಯಾಕೆ?

ಮೇಷ್ಟ್ರು: ವಿಂಗಡಿಸುವಾಗ ಒಂದೇ ಪದ ಹತ್ತಾರು ಸಲ ಹೋಲಿಕೆಗೆ ಬರುತ್ತೆ. ಕೀಲಿ ಒಮ್ಮೆ ಮಾಡಿದರಾಯ್ತು.

ಥ್ರೆಡ್‌ಗಾರ: ಸರ್, ನನ್ನ ಪ್ರಶ್ನೆ?

ಇನ್ನೊಬ್ಬ ಹೊಸಬ: ನನಗೂ ಪದ ಇದ್ದ ಹಾಗೇ ಬರ್ತಿದೆ ಸರ್.

ಮೇಷ್ಟ್ರು: ಮೇಲೆ ಓದಿ.

ಇನ್ನೊಬ್ಬ ಹೊಸಬ: ಓದಿದೆ. ಸೆಟ್‌ಲೊಕೇಲ್ ಕರೆದಿದ್ದೇನೆ.

ಮೇಷ್ಟ್ರು: ಅದು ಏನು ವಾಪಸ್ ಕೊಟ್ಟಿತು?

ಇನ್ನೊಬ್ಬ ಹೊಸಬ: ನಲ್.

ಮೇಷ್ಟ್ರು: ಮತ್ತೆ! ಆ ಲೊಕೇಲ್ ನಿಮ್ಮ ಮಷೀನಿನಲ್ಲಿ ಇಲ್ಲ. ಇನ್‌ಸ್ಟಾಲ್ ಮಾಡಿ.