ಮಗಳನ್ನು ನ್ಯುಮೋನಿಯಾ ಟ್ರಯಲ್‌ಗೆ ಸೇರಿಸ್ತೀರಾ ಅಂತ ಕೇಳಿದ್ದಾರೆ. ಒಪ್ಪಬೇಕಾ, ಬೇಡ್ವಾ?

ಪುಟ್ಟಿ ಅಪ್ಪ:

ಮಗಳಿಗೆ ಮೂರು ವರ್ಷ. ಕೆಮ್ಮು, ಜ್ವರ ಜಾಸ್ತಿಯಾಗಿ ತೋರಿಸಿದಾಗ ನ್ಯುಮೋನಿಯಾ ಅಂದರು. ಅಡ್ಮಿಟ್ ಮಾಡಲಿಲ್ಲ. ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಸಿರಪ್ ಕೊಟ್ಟು ಮನೆಗೆ ಕಳಿಸಿದರು. ಈಗ ಜ್ವರ ಇಳಿದಿದೆ, ಆಟ ಶುರುವಾಗಿದೆ, ಊಟ ಮಾತ್ರ ಇನ್ನೂ ಅಷ್ಟಕ್ಕಷ್ಟೆ.

ಇವತ್ತು ಮತ್ತೆ ತೋರಿಸೋಕೆ ಹೋದಾಗ ಡಾಕ್ಟರ್ ಒಂದು ದಪ್ಪ ಫಾರ್ಮ್ ಕೈಗಿಟ್ಟರು. ಅಲ್ಲೊಂದು ಟ್ರಯಲ್ ನಡೀತಿದೆಯಂತೆ. ಚೇತರಿಸಿಕೊಂಡ ಮಕ್ಕಳಲ್ಲಿ ಅರ್ಧ ಜನಕ್ಕೆ ಹತ್ತು ದಿನ ಪೂರ್ತಿ ಆಂಟಿಬಯಾಟಿಕ್. ಉಳಿದ ಅರ್ಧಕ್ಕೆ ಐದು ದಿನ ಆದಮೇಲೆ ಔಷಧಿಯೇ ಇಲ್ಲದ ಬರೀ ಸಿರಪ್. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಆರಿಸುತ್ತಂತೆ. ಕೊಡೋ ಡಾಕ್ಟರಿಗೂ ಗೊತ್ತಿರಲ್ವಂತೆ!

ನನ್ನ ಹೆಂಡತಿ ಖಡಾಖಂಡಿತ ಬೇಡ ಅಂತಾಳೆ. ಕೋರ್ಸ್ ಮುಗಿಸಲೇಬೇಕು ಅಂತ ಇಷ್ಟು ವರ್ಷ ತಲೆಗೆ ತುಂಬಿದವರೇ ಈಗ ಅರ್ಧಕ್ಕೆ ನಿಲ್ಲಿಸೋಣ ಅಂದರೆ ಏನರ್ಥ ಅನ್ನೋದು ಅವಳ ಪ್ರಶ್ನೆ. ನನ್ನ ಹತ್ತಿರ ಉತ್ತರ ಇಲ್ಲ. ಡಾಕ್ಟರ್ ಒತ್ತಾಯ ಮಾಡಲಿಲ್ಲ, ನಾಳೆ ಹೇಳಿ ಅಂದರು. ಇಂಥದ್ದರ ಒಳಗಿನ ವಿಷಯ ಗೊತ್ತಿರೋರು ಯಾರಾದರೂ ಇದ್ದೀರಾ?

ಬಿಸಿಲುಕುದುರೆ:

ನಾನಾಗಿದ್ದರೆ ಸಹಿ ಹಾಕ್ತಿರಲಿಲ್ಲ. ಪ್ರಯೋಗ ಮಾಡೋಕೆ ದೊಡ್ಡವರು ಇಲ್ವಾ? ಮೂರು ವರ್ಷದ ಮಗೂನೇ ಬೇಕಾ? ಚೆನ್ನಾಗಿ ಗುಣ ಆಗ್ತಿರೋದನ್ನ ಸುಮ್ನೆ ಯಾಕೆ ಕೆದಕಬೇಕು ಹೇಳಿ.

ವಾರ್ಡ್ ಸಿಸ್ಟರ್:

ಮಕ್ಕಳ ವಿಭಾಗದಲ್ಲಿ ಟ್ರಯಲ್‌ಗಳ ಕೆಲಸ ಮಾಡ್ತೀನಿ. ಫಾರ್ಮ್ ಓದಿ ಹೇಳೋದು, ಗಂಟಲಿನ ಸ್ವಾಬ್ ತೆಗೆಯೋದು, ಆಮೇಲೆ ಫೋನ್ ಮಾಡಿ ಕಾಡೋದು, ಎಲ್ಲ ನನ್ನದೇ. ನೀವು ಹೇಳ್ತಿರೋ ಟ್ರಯಲ್ ನನ್ನದಲ್ಲ, ಆದರೆ ಅದೇ ಜಾತಿಯದು. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ನಿಮ್ಮ ಮನೆಯವರ ಪ್ರಶ್ನೆ. ಅವರು ಕೇಳಿದ್ದು ಸರಿಯಾಗಿದೆ. ಆದರೆ ಹತ್ತು ದಿನವೇ ಪೂರ್ತಿ, ಐದು ದಿನ ಅಂದರೆ ಅರ್ಧ ಅಂತ ತೀರ್ಮಾನ ಮಾಡಿದವರು ಯಾರು? ಮಕ್ಕಳ ನ್ಯುಮೋನಿಯಾಗೆ ಹತ್ತು ದಿನ ಅನ್ನೋದು ಬಹಳ ಮಟ್ಟಿಗೆ ರೂಢಿ. ಹಿಂದಿನವರು ಬರೆದರು, ಮುಂದಿನವರೂ ಅದನ್ನೇ ಬರೆದರು. ಎಷ್ಟು ದಿನ ಸಾಕು ಅಂತ ಸರಿಯಾಗಿ ಅಳೆಯೋಕೆ ಶುರುವಾಗಿದ್ದು ತೀರ ಈಚೆಗೆ.

ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ನಡೆದ ಕ್ಯಾಪ್-ಇಟ್ ಅನ್ನೋ ಟ್ರಯಲ್ 2021ರಲ್ಲಿ ಪ್ರಕಟವಾಯಿತು. ಅಲ್ಲಿ 814 ಮಕ್ಕಳಲ್ಲಿ ಮೂರು ದಿನದ ಅಮಾಕ್ಸಿಸಿಲಿನ್ನನ್ನೂ ಏಳು ದಿನದ್ದನ್ನೂ ಹೋಲಿಸಿದರು. ನಾಲ್ಕು ವಾರದೊಳಗೆ ಮತ್ತೆ ಆಂಟಿಬಯಾಟಿಕ್ ಬೇಕಾದ ಮಕ್ಕಳು ಎರಡೂ ಕಡೆ ನೂರಕ್ಕೆ ಸುಮಾರು 12.5. ಮೂರು ದಿನದ ಗುಂಪಿನಲ್ಲಿ ಕೆಮ್ಮು ಒಂದೆರಡು ದಿನ ಜಾಸ್ತಿ ಎಳೆಯಿತು, ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ಅಮೆರಿಕದ ಸ್ಕೌಟ್-ಕ್ಯಾಪ್ ಅಂತೂ ನಿಮ್ಮ ಮಗಳದ್ದೇ ಕಥೆ. ಔಷಧಿ ಶುರುಮಾಡಿ ಚೇತರಿಸಿಕೊಂಡ 380 ಮಕ್ಕಳು, ಅರ್ಧ ಜನಕ್ಕೆ ಐದೇ ದಿನ, ಉಳಿದವರಿಗೆ ಹತ್ತು. ಗುಣವಾಗೋದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಆಮೇಲೆ ಗಂಟಲಿನ ಸ್ವಾಬ್ ತೆಗೆದು ನೋಡಿದಾಗ, ಐದು ದಿನ ಕುಡಿದ ಮಕ್ಕಳ ಗಂಟಲಿನ ಬ್ಯಾಕ್ಟೀರಿಯಾಗಳಲ್ಲಿ ಔಷಧಿಗೆ ಬಗ್ಗದ ಗುಣದ ಜೀನ್‌ಗಳು ಕಡಿಮೆ ಇದ್ದವು. ಜಾಸ್ತಿ ದಿನ ಕೊಟ್ಟರೆ ಜಾಸ್ತಿ ಸೇಫ್ ಅನ್ನೋ ಲೆಕ್ಕ ಅಲ್ಲಿ ತಿರುಗಿಬಿತ್ತು.

ಹಾಗಾದರೆ ಆಂಟಿಬಯಾಟಿಕ್ಕೇ ಬೇಡ್ವಾ ಅಂತ ಕೇಳಬಹುದು. ಪುಟ್ಟ ಮಕ್ಕಳ ನ್ಯುಮೋನಿಯಾದಲ್ಲಿ ವೈರಸ್ಸಿನ ಪಾಲೇ ದೊಡ್ಡದು, ವೈರಸ್ಸಿಗೆ ಆಂಟಿಬಯಾಟಿಕ್ ನಾಟೋದಿಲ್ಲ. ಆದರೂ ಉತ್ತರ ಬೇರೆಯೇ ಬಂತು. ಉಸಿರು ಜೋರಾಗಿದ್ದು, ಬೇರೆ ಅಪಾಯದ ಲಕ್ಷಣ ಇಲ್ಲದ ಮಕ್ಕಳ ಮೇಲೆ ಪಾಕಿಸ್ತಾನದಲ್ಲೂ ಮಲಾವಿಯಲ್ಲೂ ಇದನ್ನು ಪರೀಕ್ಷೆ ಮಾಡಿದರು. ಎರಡೂ ಫಲಿತಾಂಶ ಬಂದಿದ್ದು 2020ರಲ್ಲಿ. ಪಾಕಿಸ್ತಾನದಲ್ಲಿ ಚಿಕಿತ್ಸೆ ಸೋತಿದ್ದು ಅಮಾಕ್ಸಿಸಿಲಿನ್ ಕುಡಿದವರಲ್ಲಿ ನೂರಕ್ಕೆ 2.6, ಪ್ಲಸೀಬೊ, ಅಂದರೆ ಔಷಧಿ ಇಲ್ಲದ ನಕಲು ಕುಡಿದವರಲ್ಲಿ 4.9. ಮಲಾವಿಯಲ್ಲಿ 4 ಮತ್ತು 7. ಅಂದರೆ ಬಹುಪಾಲು ಮಕ್ಕಳು ಔಷಧಿ ಇಲ್ಲದೆಯೂ ಗುಣವಾದರು, ಆದರೆ ಔಷಧಿ ಇಲ್ಲದ ಗುಂಪು ಹಿಂದೆ ಬಿತ್ತು. ಇದನ್ನು ಕೂತಲ್ಲೇ ಊಹೆ ಮಾಡೋಕೆ ಯಾರಿಗೂ ಆಗ್ತಿರಲಿಲ್ಲ.

ಬಿಸಿಲುಕುದುರೆ ಅವರೇ, ದೊಡ್ಡವರ ಮೇಲೆ ಮಾಡಿ ಅಂದಿರಿ. 1950ರ ದಶಕದಲ್ಲಿ ಹಸುಗೂಸುಗಳಿಗೆ ಕ್ಲೋರಾಂಫೆನಿಕಾಲ್ ಅನ್ನೋ ಆಂಟಿಬಯಾಟಿಕ್ ಕೊಟ್ಟು, ಮೈ ಬೂದು ಬಣ್ಣಕ್ಕೆ ತಿರುಗಿ ಕೂಸುಗಳು ಸತ್ತವು. ಆಗತಾನೇ ಹುಟ್ಟಿದ ಮಗುವಿನ ಲಿವರ್‌ಗೆ ಅದನ್ನು ಕರಗಿಸಿ ಹೊರಹಾಕೋ ಶಕ್ತಿ ಇನ್ನೂ ಬಂದಿರೋದಿಲ್ಲ. ದೊಡ್ಡವರ ಡೋಸನ್ನು ತೂಕಕ್ಕೆ ಭಾಗಿಸಿ ಕೊಟ್ಟರೆ ಆಯಿತು ಅನ್ನೋ ಲೆಕ್ಕಾಚಾರ ಎಲ್ಲ ಕಡೆ ನಡೆಯಲ್ಲ.

ಪುಟ್ಟಿ ಅಪ್ಪ:

ಸಿಸ್ಟರ್, ತುಂಬಾ ಥ್ಯಾಂಕ್ಸ್. ಹೆಂಡತಿಗೆ ಓದಿ ಹೇಳಿದೆ. ಪಾಕಿಸ್ತಾನ, ಮಲಾವಿ ವಿಷಯ ಕೇಳಿ ಸ್ವಲ್ಪ ಸುಮ್ಮನಾದಳು. ಆಮೇಲೆ ಇನ್ನೂ ಎರಡು ಕೇಳಿದಳು. ಎರಡು ಮೂರು ಟ್ರಯಲ್ ಆಗಿಹೋಗಿದ್ದರೆ ಮತ್ತೆ ಇನ್ನೊಂದು ಯಾಕೆ? ಮಗಳಿಗೆ ಪ್ಲಸೀಬೊ ಬಂದು ಜ್ವರ ಮರುಕಳಿಸಿದರೆ ಯಾರು ಹೊಣೆ? ಎಷ್ಟು ರಕ್ತ ತೆಗೀತಾರೆ ಅನ್ನೋದು ನನ್ನ ಚಿಂತೆ.

ಪಿಜಿ ಓದ್ತಿರೋನು:

ಸಿಸ್ಟರ್ ಉತ್ತರ ಕೊಡೋ ಮುಂಚೆ ನಾನೊಂದು ಹೇಳ್ತೀನಿ. ಮಕ್ಕಳ ವೈದ್ಯಕೀಯ ಓದ್ತಿದ್ದೀನಿ. ನಮಗೆ ಮೊದಲ ವರ್ಷದಲ್ಲೇ ತಲೆ ತಿರುಗಿಸಿದ್ದು ಫೀಸ್ಟ್ ಅನ್ನೋ ಟ್ರಯಲ್.

ತೀವ್ರ ಸೋಂಕಿನಿಂದ ಜ್ವರ ಏರಿ, ಕೈಕಾಲು ತಣ್ಣಗಾಗಿ ಬಂದ ಮಗುವಿಗೆ ಮೊದಲು ಡ್ರಿಪ್ ಹಾಕಿ ನೀರಿನಂಶ ಸರಸರ ಒಳಗೆ ಬಿಡೋದು ಆಗ ಬಹಳ ಕಡೆ ಪದ್ಧತಿಯಾಗಿತ್ತು. ಪುಸ್ತಕದಲ್ಲೂ ಅದೇ ಇತ್ತು. ಇದನ್ನು ಪ್ರಶ್ನೆ ಮಾಡೋದೇ ತಪ್ಪು ಅನ್ನೋ ಹಾಗಿತ್ತು. ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಅದನ್ನು ಪರೀಕ್ಷೆಗಿಟ್ಟರು. ಬೇಗ ಡ್ರಿಪ್ ಬಿಟ್ಟ ಮಕ್ಕಳಲ್ಲಿ 48 ಗಂಟೆಯೊಳಗೆ ಸತ್ತವರು ನೂರಕ್ಕೆ ಹತ್ತೂವರೆ. ಹಾಗೆ ಬಿಡದವರಲ್ಲಿ 7.3. ಹೊರಗಿನ ಪರಿಶೀಲನಾ ಸಮಿತಿ 2011ರಲ್ಲಿ ಮಧ್ಯದಲ್ಲೇ ಟ್ರಯಲ್ ನಿಲ್ಲಿಸಿತು. ವಾಂತಿ ಭೇದಿಯಿಂದ ನೀರು ಕಳೆದುಕೊಂಡ ಮಕ್ಕಳು ಅದರಲ್ಲಿ ಇರಲಿಲ್ಲ, ಅವರ ಲೆಕ್ಕ ಬೇರೆ. ಐಸಿಯು ಇರೋ ಕಡೆಗೂ ಇದೇ ಅನ್ವಯ ಆಗುತ್ತಾ ಅಂತ ಇವತ್ತಿಗೂ ಜಗಳ ಇದೆ. ಆದರೆ ಟ್ರಯಲ್ ಮಾಡದೆ ಇದ್ದಿದ್ದರೆ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಹುಷಾರಿಲ್ಲದೆ ಬಂದ ಮಗು ಉಳೀಲಿಲ್ಲ ಅಂತ ಎಲ್ಲರೂ ಸುಮ್ಮನಿರ್ತಿದ್ದೆವು.

ವಾರ್ಡ್ ಸಿಸ್ಟರ್:

ಪಿಜಿ ಅವರು ಹೇಳಿದ್ದು ನಿಜ. ಆದರೆ ಟ್ರಯಲ್ ಅಂದಕೂಡಲೇ ಒಳ್ಳೆಯದೇ ಆಗುತ್ತೆ ಅಂತಲೂ ಅಂದುಕೋಬೇಡಿ. 1960ರ ದಶಕದಲ್ಲಿ ಅಮೆರಿಕದಲ್ಲಿ ಕೂಸುಗಳ ಶ್ವಾಸಕೋಶಕ್ಕೆ ತಗುಲೋ ಆರ್‌ಎಸ್‌ವಿ ಅನ್ನೋ ವೈರಸ್ಸಿಗೆ ಒಂದು ಲಸಿಕೆ ಪರೀಕ್ಷೆ ಮಾಡಿದರು. ಲಸಿಕೆ ಹಾಕಿಸಿಕೊಂಡ ಕೂಸುಗಳಿಗೆ ಆ ಸೋಂಕು ತಗುಲಿದಾಗ ಕಾಯಿಲೆ ಇನ್ನೂ ಜೋರಾಯಿತು. ಎರಡು ಕೂಸುಗಳು ಹೋದವು. ಅಲ್ಲಿಂದ ದಶಕಗಳ ಕಾಲ ಆ ಲಸಿಕೆಯ ಕೆಲಸ ಹೆದರಿಕೆಯಲ್ಲೇ ಸಾಗಿತು. ಹೊಸ ಲಸಿಕೆ, ಹೊಸ ಔಷಧಿಯ ಟ್ರಯಲ್ ಬೇರೆ ತೂಕದ ವಿಷಯ. ನಿಮ್ಮದರಲ್ಲಿ ಹೊಸ ಔಷಧಿ ಇಲ್ಲ, ಹಳೆಯದನ್ನೇ ಎಷ್ಟು ದಿನ ಅನ್ನೋದಷ್ಟೇ. ಫಾರ್ಮ್ ಓದುವಾಗ ನಾನಾದರೆ ಮೊದಲು ನೋಡೋದು ಇದನ್ನೇ.

ಮತ್ತೆ ಇನ್ನೊಂದು ಯಾಕೆ ಅಂದರಲ್ಲ. ಎಷ್ಟು ದಿನ ಅಂತ ನೋಡಿದ ಬ್ರಿಟನ್-ಐರ್ಲೆಂಡ್, ಅಮೆರಿಕದ ಮಕ್ಕಳಿಗೆ ನ್ಯುಮೋನಿಯಾ ತರೋ ಹಿಬ್, ನ್ಯುಮೊಕಾಕಸ್ ಬ್ಯಾಕ್ಟೀರಿಯಾಗಳ ಲಸಿಕೆ ಆಗಲೇ ಚೆನ್ನಾಗಿ ಹಬ್ಬಿತ್ತು. ಸೊರಗಿದ ಮಕ್ಕಳು ಕಡಿಮೆ. ಬೇರೆ ಕಡೆಯ ಮಕ್ಕಳಲ್ಲಿ ಹಾಗೇ ಆಗುತ್ತೆ ಅಂತ ಹೇಗೆ ಹೇಳೋದು? ನಿಮ್ಮ ಡಾಕ್ಟರನ್ನೂ ಇದನ್ನೇ ಕೇಳಿ. "ಇದರ ಉತ್ತರ ನಿಮಗೆ ನಿಜವಾಗಲೂ ಗೊತ್ತಿಲ್ವಾ?" ಅಂತ ಮುಖಕ್ಕೇ ಕೇಳಿ. ಗೊತ್ತಿದ್ದೂ ಮಾಡ್ತಿದ್ದರೆ ಅದು ತಪ್ಪು. ತಡವರಿಸಿದರೆ ಸಹಿ ಬೇಡ.

ಜ್ವರ ಮರುಕಳಿಸಿದರೆ ಕಾಯೋದಿಲ್ಲ. ಬಾಟಲಿಯ ಮೇಲೆ ಒಂದು ನಂಬರ್ ಇರುತ್ತೆ, ಅದರ ಗುಟ್ಟು ಬೇರೆ ಕಡೆ ಇರುತ್ತೆ. ಬೇಕಾದರೆ ಆ ಹೊತ್ತಿನಲ್ಲೇ ಬಿಚ್ಚಿ ನೋಡಬಹುದು. ನೋಡದೆಯೂ ಡಾಕ್ಟರ್ ಸರಿಯಾದ ಔಷಧಿ ಶುರುಮಾಡಬಹುದು. ರಾತ್ರಿ ಫೋನ್ ಯಾರು ಎತ್ತುತ್ತಾರೆ ಅಂತ ಕೇಳಿ, ನಂಬರ್ ಬರೆಸಿಕೊಂಡು ಇವತ್ತೇ ಒಂದು ಸಲ ಮಾಡಿ ನೋಡಿ. ಟ್ರಯಲ್‌ನಿಂದ ಮಗುವಿಗೆ ತೊಂದರೆಯಾದರೆ ಖರ್ಚು ಯಾರದು ಅನ್ನೋದು ಫಾರ್ಮ್‌ನಲ್ಲೇ ಇರಬೇಕು. ಇಲ್ಲದಿದ್ದರೆ ಟ್ರಯಲ್ ನ್ಯಾಯವಾಗಿ ನಡೀತಿದೆಯಾ ಅಂತ ನೋಡೋ ಎಥಿಕ್ಸ್ ಕಮಿಟಿಯ ನಂಬರ್ ಕೆಳಗಡೆ ಇರುತ್ತೆ, ಅವರಿಗೇ ಕೇಳಿ. ಯಾರೂ ಕೇಳಲ್ಲ, ಆದರೆ ಅದು ಇರೋದು ನಿಮಗೋಸ್ಕರವೇ.

ರಕ್ತಕ್ಕೆ ಮಿತಿ ಇದೆ. ಮಕ್ಕಳ ಮೈಯಲ್ಲಿ ಕಿಲೋಗೆ ಸುಮಾರು 80 ಎಂಎಲ್ ರಕ್ತ ಅಂತ ಲೆಕ್ಕ. ಯುರೋಪಿನ ಶಿಫಾರಸಿನ ಪ್ರಕಾರ ಸಂಶೋಧನೆಗೆ ಒಂದು ಸಲಕ್ಕೆ ಅದರಲ್ಲಿ ನೂರಕ್ಕೆ ಒಂದಂಶ, ನಾಲ್ಕು ವಾರದಲ್ಲಿ ಒಟ್ಟು ಮೂರಂಶ ದಾಟಬಾರದು. ಹತ್ತು ಕಿಲೋ ಮಗುವಿಗೆ ಒಂದು ಸಲಕ್ಕೆ 8 ಎಂಎಲ್ ಆಯಿತು. ನಿಮ್ಮಂಥ ಟ್ರಯಲ್‌ನಲ್ಲಿ ಅಷ್ಟೆಲ್ಲ ಬೇಕಾಗೋದಿಲ್ಲ, ಸ್ವಾಬ್‌ನಲ್ಲೇ ಮುಗಿಯಬಹುದು. ಆದರೂ ಎಷ್ಟು ಎಂಎಲ್ ಅಂತ ಕೇಳಿ.

ಒಪ್ಪಿದರೆ ಒಂದು ವಿನಂತಿ. ದಿನಾ ತುಂಬಿಸೋಕೆ ಕಾರ್ಡ್ ಕೊಡ್ತಾರೆ, ಜ್ವರ ಎಷ್ಟು, ಸಿರಪ್ ಕುಡಿದಳಾ, ಭೇದಿ ಆಯಿತಾ ಅಂತ. ದಯವಿಟ್ಟು ದಿನಾ ತುಂಬಿಸಿ. ಬರೋ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ಎಲ್ಲ ದಿನವೂ 98.6 ಅಂತ ತುಂಬಿಸಿಕೊಂಡು ಬಂದಿರೋ ಕಾರ್ಡುಗಳು ನೋಡಿದ ತಕ್ಷಣ ಗೊತ್ತಾಗುತ್ತವೆ. ಸಿರಪ್ ಉಗಿದಿದ್ದರೆ ಉಗಿದಳು ಅಂತಲೇ ಬರೀರಿ. ಬೈಯಲ್ಲ.

ಎರಡು ಮಕ್ಕಳಮ್ಮ:

ನಮ್ಮನ್ನೂ ಒಂದು ಸಲ ಕೇಳಿದ್ದರು, ಭೇದಿಯ ಟ್ರಯಲ್‌ಗೆ. ನಾವು ಒಲ್ಲೆವು ಅಂದೆವು. ಯಾಕೆ ಅಂತ ಕೂಡ ಕೇಳಲಿಲ್ಲ. ಅದೇ ಡಾಕ್ಟರ್ ಅಷ್ಟೇ ಚೆನ್ನಾಗಿ ನೋಡಿಕೊಂಡರು. ಬೇಡ ಅಂದರೆ ಮುಖ ಸಿಂಡರಿಸ್ತಾರೆ ಅನ್ನೋ ಭಯಕ್ಕೆ ಹೂಂ ಅನ್ನಬೇಡಿ, ಅಷ್ಟೆ. ಒಪ್ಪಿಕೊಂಡ ಮೇಲೂ ಮಧ್ಯದಲ್ಲಿ ಬಿಟ್ಟುಬರಬಹುದು ಅಂತ ಆಗ ಹೇಳಿದ್ದರು.

ಪುಟ್ಟಿ ಅಪ್ಪ:

ಹೆಂಡತಿ ಈಗ ಫಾರ್ಮ್ ತಾನೇ ಓದ್ತಿದ್ದಾಳೆ, ಪೆನ್ಸಿಲ್ ಹಿಡಿದುಕೊಂಡು. ಅಲ್ಲಲ್ಲಿ ಗೆರೆ ಎಳೆದಿದ್ದಾಳೆ. ನಾಳೆ ಡಾಕ್ಟರಿಗೆ ಕಷ್ಟ ಇದೆ. ಅವಳು ಏನು ಹೇಳ್ತಾಳೋ ಅದೇ ಅಂತ ನಾನು ಒಪ್ಪಿಕೊಂಡಿದ್ದೀನಿ.

ಇನ್ನೊಂದು ಪ್ರಶ್ನೆ. ಉಸಿರು ಎಣಿಸಿ ಬರೀಬೇಕು ಅಂತ ಅದರಲ್ಲಿದೆ. ಈಗ ಸುಮ್ನೆ ಎಣಿಸಿ ನೋಡಿದೆ, ಹದಿನೈದು ಸೆಕೆಂಡಿಗೆ ಹನ್ನೊಂದು. ನಾಲ್ಕರಿಂದ ಗುಣಿಸಿದರೆ 44. ಜಾಸ್ತಿ ಆಯಿತಾ?

ವಾರ್ಡ್ ಸಿಸ್ಟರ್:

ಹಾಗೆ ಗುಣಿಸಬೇಡಿ. ಮಕ್ಕಳ ಉಸಿರು ಒಂದೇ ಸಮ ಇರಲ್ಲ. ಆಡಿಬಂದ ತಕ್ಷಣ, ಅಳ್ತಿರುವಾಗ ಎಣಿಸೋದೂ ಬೇಡ. ಮಡಿಲಲ್ಲಿ ಕೂರಿಸಿ ಅಥವಾ ಮಲಗಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದವರಿಗೆ 40 ಮತ್ತು ಅದಕ್ಕೂ ಮೇಲಿದ್ದರೆ ಜೋರು ಅಂತ ಲೆಕ್ಕ. ಎರಡು ಸಲ ಎಣಿಸಿ, ಎರಡೂ ಸಲ 40 ಅಥವಾ ಅದಕ್ಕೂ ಮೇಲೆ ಬಂದರೆ ನಾಳೆವರೆಗೆ ಕಾಯದೆ ಡಾಕ್ಟರಿಗೆ ಈಗಲೇ ಫೋನ್ ಮಾಡಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೀತಿದ್ದರೆ ಫೋನೂ ಬೇಡ, ನೇರ ಎಮರ್ಜೆನ್ಸಿಗೆ ಹೊರಡಿ.

ಪುಟ್ಟಿ ಅಪ್ಪ:

ಮಲಗಿದ ಮೇಲೆ ಎಣಿಸಿದೆ. 29, ಮತ್ತೊಮ್ಮೆ 30. ಎದೆ ಸೆಳೀತಿಲ್ಲ.