ಕೆಸರು ಹಾದಿಯ ಆರ್‌ಎಕ್ಸ್ 100: ಪ್ಲಗ್ ಪದೇ ಪದೇ ಎಣ್ಣೆ ಹಿಡಿಯುತ್ತಿರುವುದೇಕೆ?

ಪ್ರಶ್ನೆ: ತೋಟದಹಾದಿ

ನಮಸ್ಕಾರ. ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದೊಳಗೆ ಓಡಾಡಲು ಹಳೆಯ ಯಮಹಾ ಆರ್‌ಎಕ್ಸ್ 100 ಟೂ ಸ್ಟ್ರೋಕ್ ಬೈಕ್ ಒಂದಕ್ಕೆ ಬಟನ್ ಟೈರ್ ಹಾಕಿಸಿ ಇಟ್ಟುಕೊಂಡಿದ್ದೇನೆ. ಗೊಬ್ಬರದ ಚೀಲ ಹೇರಿಕೊಂಡು ಕೆಸರಿನ ಏರಿನಲ್ಲಿ ಹೋಗಬೇಕಾದ್ದರಿಂದ ಗಾಡಿ ಬಹುಪಾಲು ಮೊದಲ ಅಥವಾ ಎರಡನೆಯ ಗೇರಿನಲ್ಲೇ ಇರುತ್ತದೆ. ಈ ಮಳೆಗಾಲದಲ್ಲಿ ಪ್ರತಿ 60–70 ಕಿ.ಮೀ.ಗೆ ಒಮ್ಮೆ ಸ್ಪಾರ್ಕ್ ಪ್ಲಗ್ (ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಭಾಗ) ಕೈಕೊಡುತ್ತಿದೆ. ಬಿಚ್ಚಿ ನೋಡಿದರೆ ತುದಿಯೆಲ್ಲ ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಎಂಜಿನ್ನಿಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಕೊಡುವ ಆಯಿಲ್ ಪಂಪ್ ಸರಿಯಾಗಿಯೇ ಕೆಲಸ ಮಾಡುತ್ತಿದ್ದರೂ, ಎಂಜಿನ್ನಿಗೆ ತೊಂದರೆಯಾಗದಿರಲೆಂದು ಪೆಟ್ರೋಲಿಗೂ ಲೀಟರಿಗೆ 20 ಮಿ.ಲೀ.ನಂತೆ 2ಟಿ ಆಯಿಲ್ ಬೆರೆಸುತ್ತೇನೆ. ನಂಬರ್ ಹೆಚ್ಚಾದಷ್ಟೂ ಬಿಸಿ ಪ್ಲಗ್ ಎಂದು ಹೇಳಿ ಗ್ಯಾರೇಜಿನವರು ಎನ್‌ಜಿಕೆ ಕಂಪನಿಯ 7ನೇ ನಂಬರಿನ ಪ್ಲಗ್ ಬದಲು 8 ಹಾಕಿದ್ದಾರೆ. ಎರಡು ತಿಂಗಳಲ್ಲಿ ಆರು ಪ್ಲಗ್‌ಗಳು ಹಾಳಾಗಿವೆ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಮಸಿಬೆರಳು

ನೀವು ಪ್ಲಗ್ಗಿನ ಸ್ಥಿತಿಯನ್ನು ಸ್ಪಷ್ಟವಾಗಿ ಬರೆದಿರುವುದರಿಂದ ಅರ್ಧ ಕೆಲಸ ಮುಗಿದಂತಾಗಿದೆ. ತುದಿಯಲ್ಲಿ ಒಣಗಿದ, ಬೆರಳಿಗೆ ಪುಡಿಯಾಗಿ ಹತ್ತುವ ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಎಂದರ್ಥ. ಆಗ ಚೋಕ್ ಪೂರ್ತಿ ಆಫ್ ಆಗುತ್ತಿದೆಯೇ, ಏರ್ ಫಿಲ್ಟರ್ ನೀರು ಕುಡಿದು ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ನಿಮ್ಮದು ಒದ್ದೆಯಾಗಿ ಹೊಳೆಯುತ್ತಿದೆ. ಅದು ಉರಿಯದೆ ಉಳಿದ ಎಣ್ಣೆ.

ಮೊದಲಿಗೆ, ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ನಿಲ್ಲಿಸಿ. ಪಂಪ್ ಎಣ್ಣೆ ಕೊಡುತ್ತಿರುವಾಗ ಟ್ಯಾಂಕಿನಲ್ಲೂ ಎಣ್ಣೆ ಇದ್ದರೆ ಎರಡು ಪಾಲು ಎಣ್ಣೆ ಒಳಹೋಗುತ್ತದೆ. ಎರಡನೆಯದಾಗಿ, ಪ್ಲಗ್ಗಿನ ನಂಬರಿನ ವಿಷಯದಲ್ಲಿ ನಿಮಗೆ ತಪ್ಪು ಹೇಳಿದ್ದಾರೆ. ಎನ್‌ಜಿಕೆಯಲ್ಲಿ ನಂಬರ್ ಹೆಚ್ಚಾದಷ್ಟೂ ಅದು ತಣ್ಣನೆಯ ಪ್ಲಗ್, ಅಂದರೆ ತುದಿಯ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದು, ಬಾಷ್ ಕಂಪನಿಯ ಈಗಿನ ಪದ್ಧತಿಯಲ್ಲಿ ಇದು ತಿರುವುಮುರುವು, ಗೊಂದಲ ಹುಟ್ಟುವುದೇ ಇಲ್ಲಿ. ತುದಿಯ ಪಿಂಗಾಣಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಅದರ ಮೇಲಿನ ಮಸಿ ಎಣ್ಣೆಗಳು ತಾವಾಗಿ ಸುಟ್ಟುಹೋಗುತ್ತವೆ. ಆಮೆಗತಿಯ ತೋಟದ ಓಡಾಟದಲ್ಲಿ 8ರ ಪ್ಲಗ್ ಆ ಬಿಸಿಗೆ ಏರುವುದು ಕಷ್ಟ. 7ಕ್ಕೆ ಮರಳಿ. ಆದರೆ ಇನ್ನೂ ಬಿಸಿ ಪ್ಲಗ್ಗಿಗೆ ಇಳಿಯಬೇಡಿ, ಏಕೆಂದರೆ ಹೆದ್ದಾರಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟ ದಿನ ಪಿಸ್ಟನ್ನಿನ ತಲೆ ತೂತಾಗುವ ಅಪಾಯವಿದೆ. ಹಳೆಯ ಪ್ಲಗ್ಗುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಪಿಂಗಾಣಿಯ ಮೇಲೆ ಲೋಹದ ಗೆರೆ ಉಳಿದು ಕಿಡಿ ಅದರ ಮೂಲಕವೇ ಹರಿದುಹೋಗುತ್ತದೆ.

ತೋಟದಹಾದಿ

ತಾವು ಹೇಳಿದಂತೆಯೇ ಮಾಡಿದೆ. ಪ್ಲಗ್ ಈಗ 150 ಕಿ.ಮೀ.ವರೆಗೆ ಬಾಳುತ್ತಿದೆ, ಆದರೆ ಕೊನೆಗೆ ಮತ್ತೆ ಒದ್ದೆಯಾಗುತ್ತಿದೆ. ಎಂಜಿನ್ ಚೆನ್ನಾಗಿ ಕಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲುವುದಿಲ್ಲ, ವಾಸನೆಯೂ 2ಟಿ ಆಯಿಲಿನದಲ್ಲ.

ಉತ್ತರ: ಹಳೆಗ್ಯಾರೇಜು

ವಾಸನೆಯ ಮಾತು ಹೇಳಿ ಒಳ್ಳೆಯದು ಮಾಡಿದಿರಿ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಐದು ನಿಮಿಷ ಹೊಗೆಯುಗುಳಿ ಆಮೇಲೆ ಸರಿಯಾಗುತ್ತಿದ್ದರೆ, ಆಯಿಲ್ ಪಂಪಿನ ಚೆಕ್ ವಾಲ್ವ್ (ಗಾಡಿ ನಿಂತಾಗ ಎಣ್ಣೆಯನ್ನು ತಡೆಯುವ ಕವಾಟ) ಸೋರಿ ಎಣ್ಣೆ ಕ್ರ್ಯಾಂಕ್‌ಕೇಸಿಗೆ (ಪಿಸ್ಟನ್ನಿನ ಕೆಳಗಿನ ಕೋಣೆಗೆ) ಇಳಿದಿದೆ ಎನ್ನಬಹುದಿತ್ತು. ಕಾದ ಮೇಲೂ ಹೊಗೆ ನಿಲ್ಲದಿದ್ದರೆ ನನ್ನ ಅನುಮಾನ ಬಲಬದಿಯ, ಅಂದರೆ ಕ್ಲಚ್ ಕಡೆಯ, ಕ್ರ್ಯಾಂಕ್ ಆಯಿಲ್ ಸೀಲಿನ (ಕ್ರ್ಯಾಂಕ್ ದಂಡದ ಸುತ್ತ ಎಣ್ಣೆ, ಗಾಳಿ ನುಸುಳದಂತೆ ತಡೆಯುವ ರಬ್ಬರ್ ಬಳೆಯ) ಮೇಲೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಹೀರುವಿಕೆ ಉಂಟಾಗುತ್ತದೆ. ಸೀಲಿನ ರಬ್ಬರು ಗಟ್ಟಿಯಾಗಿದ್ದರೆ ಪೆಟ್ರೋಲಿನ ಜೊತೆಗೆ ಕ್ಲಚ್ ಕಡೆಯ ಗೇರ್ ಆಯಿಲ್ ಕೂಡ ಒಳಗೆ ಬಂದು ಉರಿಯುತ್ತದೆ.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಹೊಸ ಗೇರ್ ಆಯಿಲನ್ನು ಅಳೆದು ಹಾಕಿ, 200 ಕಿ.ಮೀ. ಓಡಿಸಿ, ಬಿಸಿಯಿರುವಾಗಲೇ ಪೂರ್ತಿ ಬಸಿದು ಮತ್ತೆ ಅಳೆಯಿರಿ. ಎಂಜಿನ್ನಿನ ಹೊರಗೆಲ್ಲೂ ಸೋರಿಕೆಯಿಲ್ಲದೆ ಎಣ್ಣೆ ಕಡಿಮೆಯಾಗಿದ್ದರೆ ಸೀಲ್ ಹೋಗಿದೆ ಎಂದು ತಿಳಿಯಿರಿ.

ತೋಟದಹಾದಿ

ಅಳೆದು ಹಾಕಿದ್ದು 650 ಮಿ.ಲೀ., ಬಸಿದಾಗ ಸಿಕ್ಕಿದ್ದು 480. ಕ್ಲಚ್ ಕವರ್ ಬಿಚ್ಚಿಸಿ ನೋಡಿದಾಗ ಸೀಲಿನ ತುಟಿ ಬೆರಳಿನಿಂದ ಒತ್ತಿದರೂ ಬಾಗದಷ್ಟು ಗಟ್ಟಿಯಾಗಿತ್ತು. ಬಲಗಡೆಯದನ್ನು ಮಾತ್ರ ಬದಲಾಯಿಸಿದರೆ ಸಾಕೇ?

ಉತ್ತರ: ಹಳೆಗ್ಯಾರೇಜು

ಸಾಲದು. ಮ್ಯಾಗ್ನೆಟ್ (ವಿದ್ಯುತ್ ಹುಟ್ಟಿಸುವ ಭಾಗ) ಕಡೆಯ ಎಡಬದಿಯ ಸೀಲಿಗೂ ಅಷ್ಟೇ ವಯಸ್ಸಾಗಿದೆ. ಆ ಬದಿಯಲ್ಲಿ ಎಣ್ಣೆಯಿಲ್ಲದ ಕಾರಣ ಅದು ಸೋತಾಗ ಹೊಗೆ ಬರುವುದಿಲ್ಲ, ಪ್ಲಗ್ಗೂ ಒದ್ದೆಯಾಗುವುದಿಲ್ಲ. ಬರಿಯ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗಿ, ಏರಿನ ನಡುವೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎರಡನ್ನೂ ಒಟ್ಟಿಗೇ ಬದಲಾಯಿಸಿ. ಇಷ್ಟು ದಿನ ಉರಿದ ಎಣ್ಣೆಯ ಇಂಗಾಲ ಸೈಲೆನ್ಸರಿನ ಒಳಕೊಳವೆಯಲ್ಲಿ ಕಟ್ಟಿರುತ್ತದೆ, ಅದನ್ನೂ ಹೊರಗೆಳೆದು ಸುಟ್ಟು ಶುಚಿಮಾಡಿದ ಮೇಲೆಯೇ ಹೊಸ ಪ್ಲಗ್ ಹಾಕಿ. ಸುಮಾರು 100 ಕಿ.ಮೀ. ಆದಮೇಲೆ ಬಿಚ್ಚಿ ನೋಡಿ. ತುದಿ ಒಣಗಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದ್ದರೆ ಮತ್ತೇನನ್ನೂ ಮುಟ್ಟಬೇಕಾಗಿಲ್ಲ.