ಇಗರ್ಜಿಯ ಅಂಗಳದಲ್ಲಿ ಓಟು ಕೇಳಬಹುದಾ? ಕಾಸರಗೋಡಿನ ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬೇಳ ಕಡೆಯಿಂದ): ವಕೀಲರೇ, ನಮಸ್ಕಾರ. ನನ್ನ ತಮ್ಮ ಪಂಚಾಯತ್ ಚುನಾವಣೆಗೆ ನಿಲ್ಲಬೇಕು ಅಂತಿದ್ದಾನೆ. ನಮ್ಮ ವಾರ್ಡಿನಲ್ಲಿ ಕ್ರೈಸ್ತರ ಮನೆ ನಲವತ್ತು ಇರಬಹುದು. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲೇ ನೋಟೀಸು ಹಂಚೋಣ, ಫಾದರ್ ಎರಡು ಮಾತು ಹೇಳಲಿ ಎಂದು ಮನೆಯಲ್ಲಿ ಮಾತಾಯಿತು. ತೊಂದರೆ ಇದೆಯಾ?

ಉತ್ತರ: ಇದೆ. ಎರಡೂ ಬೇಡ.

ಮೊದಲು ಅಂಗಳದ ಮಾತು. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯಲು 1988ರಲ್ಲಿ ಒಂದು ಕಾಯ್ದೆ ಬಂದಿದೆ. ದೇವಸ್ಥಾನ, ಮಸೀದಿ, ಇಗರ್ಜಿ ಯಾವುದೇ ಇರಲಿ, ಅದರ ಜಾಗವನ್ನು ರಾಜಕೀಯ ಕೆಲಸಕ್ಕೆ ಬಳಸುವ ಹಾಗಿಲ್ಲ. ಶಿಕ್ಷೆ ಐದು ವರ್ಷದವರೆಗೂ ಹೋಗಬಹುದು. ಸಿಕ್ಕಿಹಾಕಿಕೊಳ್ಳುವುದು ನಿಮ್ಮ ತಮ್ಮ ಒಬ್ಬನೇ ಅಲ್ಲ, ಆಡಳಿತ ನೋಡಿಕೊಳ್ಳುವ ಫಾದರ್ ಕೂಡ.

ಇನ್ನು ಫಾದರ್ ಹೇಳುವ ಎರಡು ಮಾತು. ಅವರೂ ಓಟಿರುವ ಪ್ರಜೆ. ‘ನನಗೆ ಇವರು ಯೋಗ್ಯರು ಅನ್ನಿಸುತ್ತದೆ’ ಎಂದು ಯಾರ ಹತ್ತಿರವಾದರೂ ಹೇಳಿದರೆ ಅದು ಅಪರಾಧ ಅಲ್ಲ. ಆದರೆ ‘ಇವನಿಗೆ ಹಾಕದಿದ್ದರೆ ದೇವರು ಮೆಚ್ಚುವುದಿಲ್ಲ’ ಎಂಬ ಅರ್ಥ ಬಂದರೆ ಅದನ್ನು ಕಾನೂನು ಅನುಚಿತ ಪ್ರಭಾವ ಎನ್ನುತ್ತದೆ. ಪಂಜಾಬಿನ ಒಂದು ಚುನಾವಣೆಯಲ್ಲಿ ಒಬ್ಬ ಧರ್ಮಗುರು ತಮ್ಮ ಶಿಷ್ಯರಿಗೆ ಆಜ್ಞೆಯನ್ನೇ ಹೊರಡಿಸಿದ್ದರು. 1959ರಲ್ಲಿ ಸುಪ್ರೀಂ ಕೋರ್ಟ್ ಇದೇ ಗೆರೆ ಎಳೆಯಿತು: ಗುರು ಅಭಿಪ್ರಾಯ ಹೇಳಬಹುದು, ಶಿಷ್ಯನಿಗೆ ಬೇರೆ ದಾರಿಯೇ ಇಲ್ಲದ ಹಾಗೆ ಮಾಡಬಾರದು. ಪೂಜೆಯ ಬಟ್ಟೆಯಲ್ಲಿ ನಿಂತು ಆಡಿದ ಮಾತು ಯಾವ ಕಡೆಗೆ ವಾಲುತ್ತದೆ, ನೀವೇ ಯೋಚಿಸಿ.

ನೋಟೀಸಿನಲ್ಲಿ ಏನು ಹಾಕುತ್ತೀರಿ ಎನ್ನುವುದು ಇನ್ನೂ ಮುಖ್ಯ. ಹಿಂದೊಮ್ಮೆ ಒಬ್ಬರು ಅಚ್ಚಾದ ನೋಟೀಸಿನ ಕಟ್ಟನ್ನೇ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಎಡಗಡೆ ಅವರ ಫೋಟೋ, ಬಲಗಡೆ ಶಿಲುಬೆ, ಕೆಳಗೆ ‘ನಮ್ಮವನನ್ನು ಗೆಲ್ಲಿಸಿ’. ಶಾಯಿ ಇನ್ನೂ ಬೆರಳಿಗೆ ಅಂಟುತ್ತಿತ್ತು. ಒಂದನ್ನೂ ಹೊರಗೆ ಬಿಡಬೇಡಿ ಎಂದೆ. ಪಾಪ, ಅವರಿಗೆ ಅದರಲ್ಲಿ ತಪ್ಪು ಕಂಡೇ ಇರಲಿಲ್ಲ.

ಆದರೆ ಅಂಥದ್ದಕ್ಕೇ ಕೇರಳದಲ್ಲಿ ಒಬ್ಬರು ಲೋಕಸಭೆಯ ಸೀಟು ಕಳೆದುಕೊಂಡಿದ್ದಾರೆ. 2004ರಲ್ಲಿ ಮೂವಾಟ್ಟುಪುಳದಲ್ಲಿ ಪಿ.ಸಿ. ಥಾಮಸ್ 529 ಓಟಿನಿಂದ ಗೆದ್ದರು. ಪ್ರಚಾರದಲ್ಲಿ ಪೋಪ್ ಮತ್ತು ಮದರ್ ತೆರೇಸಾ ಅವರ ಚಿತ್ರ ಬಳಸಿ ಕ್ಯಾಥೊಲಿಕರ ಓಟು ಕೇಳಿದರು ಎಂದು ಎದುರಾಳಿ ಕೋರ್ಟಿಗೆ ಹೋದರು. 2006ರಲ್ಲಿ ಕೇರಳ ಹೈಕೋರ್ಟ್ ಆ ಗೆಲುವನ್ನು ರದ್ದು ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಅಸೆಂಬ್ಲಿ, ಲೋಕಸಭೆಗೆ 1951ರ ಜನಪ್ರತಿನಿಧಿ ಕಾಯ್ದೆ, ಪಂಚಾಯತಿಗೆ 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ. ಧರ್ಮದ ಹೆಸರಲ್ಲಿ ಓಟು ಕೇಳಿದರೆ ಅದು ಚುನಾವಣಾ ಭ್ರಷ್ಟಾಚಾರ, ಅಂದರೆ ಗೆಲುವೇ ರದ್ದಾಗಬಹುದಾದ ತಪ್ಪು, ಎನ್ನುವುದು ಎರಡರಲ್ಲೂ ಇದೆ.

ಪ್ರಶ್ನೆ (ಮಂಜೇಶ್ವರದಿಂದ): ನಡುವೆ ಬಾಯಿ ಹಾಕುತ್ತೇನೆ ಸರ್. ಅಭ್ಯರ್ಥಿ ತನ್ನ ಧರ್ಮ ಹೇಳಿಕೊಳ್ಳಬಾರದು, ಸರಿ. ಓಟುದಾರರಿಗೆ ‘ನೀವು ಕ್ರೈಸ್ತರು, ಒಟ್ಟಾಗಿ’ ಅನ್ನಬಹುದಲ್ವಾ? ಹಾಗೇ ‘ಕನ್ನಡಿಗರು ಕನ್ನಡಿಗನಿಗೇ ಹಾಕಿ’ ಅನ್ನುವುದು? ನಮ್ಮಲ್ಲಿ ಪ್ರತಿ ಸಲ ಕೇಳುವ ಮಾತು ಅದು.

ಉತ್ತರ: ಒಳ್ಳೆಯ ಪ್ರಶ್ನೆ. ಮೊದಲನೆಯದಕ್ಕೆ 2017ರ ಜನವರಿ 2ರಂದು ಉತ್ತರ ಸಿಕ್ಕಿದೆ. ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನಾಲ್ಕಕ್ಕೆ ಮೂರರಂತೆ, ಓಟುದಾರನ ಧರ್ಮ ಹಿಡಿದು ಕೇಳುವುದೂ ತಪ್ಪು ಎಂದಿತು. ಮುಂಬೈಯ ಸಾಂತಾಕ್ರೂಜ್‌ನಲ್ಲಿ 1990ರಲ್ಲಿ ನಡೆದ ಚುನಾವಣೆಯಿಂದ ಹುಟ್ಟಿದ ಕೇಸು ಅದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಧರ್ಮದ ಹೆಸರಲ್ಲಿ ಓಟು ಕೇಳಬಾರದು ಎನ್ನುವ ಸೆಕ್ಷನ್ನಿನಲ್ಲೇ ಧರ್ಮ, ಜಾತಿಯ ಪಕ್ಕದಲ್ಲಿ ಭಾಷೆಯೂ ಇದೆ. ‘ನಾನು ಕನ್ನಡಿಗ, ಅದಕ್ಕೆ ಓಟು ಹಾಕಿ’ ಎಂದರೆ ತಪ್ಪೇ. ಆದರೆ ‘ನಮ್ಮ ಶಾಲೆಗೆ ಕನ್ನಡ ಬರುವ ಮೇಷ್ಟ್ರು ಬರುವ ಹಾಗೆ ಮಾಡುತ್ತೇನೆ’, ‘ಪಂಚಾಯತಿನ ಅರ್ಜಿ ಕನ್ನಡದಲ್ಲೂ ಸಿಗುವ ಹಾಗೆ ಹೋರಾಡುತ್ತೇನೆ’ ಎನ್ನುವುದು ಬೇರೆ ಮಾತು. ಭಾಷೆ ಉಳಿಸಿಕೊಳ್ಳುವುದು ಸಂವಿಧಾನದ 29ನೇ ವಿಧಿ ಕೊಟ್ಟ ಹಕ್ಕು. ಅದಕ್ಕಾಗಿ ದುಡಿಯುತ್ತೇನೆ ಎಂಬ ಭರವಸೆ ಭ್ರಷ್ಟಾಚಾರ ಆಗುವುದಿಲ್ಲ ಎಂದು ಜಗದೇವ್ ಸಿಂಗ್ ಸಿದ್ಧಾಂತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಗಡಿಯಲ್ಲಿರುವ ನಮಗೆ ಇದಕ್ಕಿಂತ ಬೆಲೆಬಾಳುವ ತೀರ್ಪು ಕಡಿಮೆ. ಸಮಸ್ಯೆ ಹೇಳಿ, ಕೆಲಸ ಹೇಳಿ. ‘ನಾನು ಯಾರು’ ಎನ್ನುವುದರ ಮೇಲೆ ಓಟು ಕೇಳಬೇಡಿ.

ಪ್ರಶ್ನೆ (ವರ್ಕಾಡಿಯಿಂದ): ಹಿಂದೆ ಕ್ರೈಸ್ತರಿಗೆ ಬೇರೆ ಸೀಟೇ ಇತ್ತು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ನಿಜವಾ? ಈಗ ಯಾಕಿಲ್ಲ?

ಉತ್ತರ: ಅಜ್ಜ ಹೇಳಿದ್ದು ನಿಜ. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು, ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದವರು. 1919ರ ಭಾರತ ಸರ್ಕಾರ ಕಾಯ್ದೆಯಂತೆ ಮದ್ರಾಸಿನ ಶಾಸನ ಕೌನ್ಸಿಲಿನಲ್ಲಿ ಭಾರತೀಯ ಕ್ರೈಸ್ತರಿಗೆ 5 ಸೀಟು ಇತ್ತು. 1935ರ ಕಾಯ್ದೆ ಬಂದ ಮೇಲೆ ಅಸೆಂಬ್ಲಿಯ 215ರಲ್ಲಿ 8. ಆ ಸೀಟುಗಳಿಗೆ ಕ್ರೈಸ್ತರೇ ಓಟು ಹಾಕಬೇಕಿತ್ತು.

ಅದನ್ನು ಯಾರೋ ಕಿತ್ತುಕೊಂಡರು ಎಂದು ಕೆಲವರು ಸುಮ್ನೆ ಹೇಳುತ್ತಾರೆ. ಹಾಗಲ್ಲ. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸೀಟು ಕೈಬಿಟ್ಟಾಗ ಕ್ರೈಸ್ತ ಸದಸ್ಯರೇ ಒಪ್ಪಿ ನಿಂತರು. ಸಭೆಯ ಉಪಾಧ್ಯಕ್ಷ ಎಚ್.ಸಿ. ಮುಖರ್ಜಿ ಕ್ರೈಸ್ತರು. ನಮ್ಮ ಮಂಗಳೂರಿನವರೇ ಆದ ಯೇಸುಸಭೆಯ ಪಾದ್ರಿ ಜೆರೋಮ್ ಡಿಸೋಜಾ ಕೂಡ ಮದ್ರಾಸಿನಿಂದ ಸದಸ್ಯರಾಗಿದ್ದರು, ಅವರೂ ಇದನ್ನು ಬೆಂಬಲಿಸಿದರು. ನೆರೆಹೊರೆಯವರ ನಂಬಿಕೆ ಗಳಿಸಿ ಗೆಲ್ಲೋಣ ಎಂಬ ಧೈರ್ಯ ಅದು. ಆ ಪುಟಗಳನ್ನು ಓದುವಾಗ ಈಗಲೂ ನನ್ನ ಮನಸ್ಸು ತುಂಬಿ ಬರುತ್ತದೆ. ಹಾಗಾಗಿ 325ನೇ ವಿಧಿಯಂತೆ ಒಂದೇ ಮತದಾರರ ಪಟ್ಟಿ, ಎಲ್ಲರೂ ಅದರೊಳಗೆ.

ಲೋಕಸಭೆ, ಅಸೆಂಬ್ಲಿಗಳಿಗೆ ಆಂಗ್ಲೋ ಇಂಡಿಯನ್ (ತಂದೆಯ ಕಡೆಯಿಂದ ಯುರೋಪಿನ ವಂಶದ ಭಾರತೀಯ) ಸದಸ್ಯರ ನೇಮಕ ಬೇರೆ ವಿಷಯ. ಅದು ವಂಶ ನೋಡಿ ಕೊಟ್ಟದ್ದು, ಧರ್ಮ ನೋಡಿ ಅಲ್ಲ. 2020ರ ಜನವರಿಯಲ್ಲಿ ಅದೂ ಮುಗಿಯಿತು. ಗಡಿಯ ತಲಪಾಡಿಯಿಂದ ಆಚೆ ಇರುವ ನೆಂಟರು ‘ಹಿಂದುಳಿದ ವರ್ಗದ ಸೀಟು’ ಅನ್ನುತ್ತಾರಲ್ಲ, ಅದು ಕರ್ನಾಟಕದ ಪಂಚಾಯತ್ ಕಾನೂನು. ಕೇರಳದ ಪಂಚಾಯತಿನಲ್ಲಿ ಮೀಸಲು ಇರುವುದು ಮಹಿಳೆಯರಿಗೆ, ಪರಿಶಿಷ್ಟ ಜಾತಿಗೆ, ಪರಿಶಿಷ್ಟ ಪಂಗಡಕ್ಕೆ ಮಾತ್ರ.

ಪ್ರಶ್ನೆ (ಹೆಸರು ಬೇಡ ಎಂದವರು): ನಮ್ಮದು ದಲಿತ ಕುಟುಂಬ. ತಂದೆಯ ಕಾಲದಲ್ಲಿ ಕ್ರೈಸ್ತರಾದೆವು. ಪರಿಶಿಷ್ಟ ಜಾತಿಯ ವಾರ್ಡಿನಲ್ಲಿ ನಾನು ನಿಲ್ಲಬಹುದಾ?

ಉತ್ತರ: ಅಕ್ಕಾ, ಈಗಿನ ಕಾನೂನಿನಲ್ಲಿ ಆಗುವುದಿಲ್ಲ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಧರ್ಮ ನೋಡದೆ ಈ ಸ್ಥಾನ ಕೊಡಿ ಎಂದು ಕೇಂದ್ರ ಸರ್ಕಾರವೇ ನೇಮಿಸಿದ್ದ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿದೆ. ಇಗರ್ಜಿ ಬದಲಾದರೂ ಕೇರಿ ಬದಲಾಗುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇದು ಅನ್ಯಾಯ ಎಂದೇ ನನ್ನ ನಂಬಿಕೆ. ಪರಿಶಿಷ್ಟ ಪಂಗಡಕ್ಕೆ ಮಾತ್ರ ಈ ಧರ್ಮದ ಅಡ್ಡಿ ಇಲ್ಲ. ಒಬ್ಬ ಕೊರಗರು ಕ್ರೈಸ್ತರಾದ ಮಾತ್ರಕ್ಕೆ ಪಂಗಡದ ಸ್ಥಾನ ಹೋಗುವುದಿಲ್ಲ. ಕುಲದ ಆಚಾರ ಉಳಿಸಿಕೊಂಡಿದ್ದಾರಾ ಎಂದು ಕೋರ್ಟ್ ನೋಡುತ್ತದೆ.

ನಿಮ್ಮ ವಾರ್ಡು ಸಾಮಾನ್ಯ ಅಥವಾ ಮಹಿಳಾ ಮೀಸಲು ಆದರೆ ಧಾರಾಳವಾಗಿ ನಿಲ್ಲಿ. ಅಲ್ಲಿ ಯಾರೂ ನಿಮ್ಮನ್ನು ತಡೆಯುವ ಹಾಗಿಲ್ಲ.

ಪ್ರಶ್ನೆ (ಬೇಳ ಕಡೆಯಿಂದ, ಮತ್ತೆ): ಹಾಗಾದರೆ ತಮ್ಮ ಏನು ಮಾಡಬೇಕು ಸರ್? ನಲವತ್ತು ಮನೆ ನಂಬಿ ಇಳಿಯಬಹುದಾ?

ಉತ್ತರ: ನಲವತ್ತು ಮನೆಯಿಂದ ಶುರು ಮಾಡಿ, ಅಲ್ಲಿಗೇ ನಿಲ್ಲಿಸಬೇಡಿ. ಆ ಮನೆಗಳವರೂ ಎಲ್ಲ ಒಂದೇ ಕಡೆ ಹಾಕುತ್ತಾರೆ ಎಂದು ಲೆಕ್ಕ ಹಾಕಬೇಡಿ. ಇಗರ್ಜಿಯ ವಾರ್ಡಿನ ಗುರ್ಕಾರ (ಆ ಭಾಗದ ಕ್ರೈಸ್ತ ಮನೆಗಳ ಮುಖಂಡ) ಬೇರೆ, ಪಂಚಾಯತ್ ವಾರ್ಡಿನ ಮೆಂಬರ್ ಬೇರೆ. 2016ರಲ್ಲಿ ಮಂಜೇಶ್ವರ ಅಸೆಂಬ್ಲಿ ಸೀಟು ಬರೀ 89 ಓಟಿನಲ್ಲಿ ಹೋಯಿತು. ವಾರ್ಡಿನಲ್ಲಿ ನಾಲ್ಕೈದು ಮನೆಯೇ ಸಾಕಾಗಬಹುದು. ಬ್ಯಾರಿಗಳ ಮನೆ, ಭಟ್ಟರ ತೋಟ, ಕಾಲೊನಿ, ಎಲ್ಲ ಮೆಟ್ಟಿಲೂ ಹತ್ತಲಿ. ನೀರಿನ ಪೈಪು, ದಾರಿದೀಪದ ಮಾತಾಡಲಿ.

ಪೂಜೆ ಮುಗಿಸಿ ಬರುವವರನ್ನು ಗೇಟಿನ ಹೊರಗೆ, ರಸ್ತೆಯಲ್ಲಿ ಮಾತಾಡಿಸಬಹುದು. ನೋಟೀಸಿನಲ್ಲಿ ಅಚ್ಚು ಹಾಕಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸ ಇರಲೇಬೇಕು. ಶಿಲುಬೆ, ಮಾತೆಯ ಚಿತ್ರ, ಇಗರ್ಜಿಯ ಫೋಟೋ ಒಂದೂ ಬೇಡ. ಪ್ರೆಸ್ಸಿಗೆ ಕೊಡುವ ಮೊದಲು ಒಂದು ಸಲ ನನಗೆ ತೋರಿಸಿ. ಸಂಜೆ ಐದರ ಮೇಲೆ ಆಫೀಸಿನಲ್ಲೇ ಇರುತ್ತೇನೆ.